ಮೀನಿನ ಗಾಡಿಗೆ ಮಳೆಗಾಲದ ಬ್ಲಾಸ್ಟಿಂಗ್

ಜೂನ್ 9ರ ನಡುರಾತ್ರಿ ಕೇರಳದಲ್ಲಿ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದರ) ನಿಷೇಧ ಶುರುವಾದರೆ ಮುಗಿಯುವುದು ಜುಲೈ 31ಕ್ಕೆ. ಬೋಟಿನ ಜೊತೆ ಟೆಂಪೊಗಳಿಗೂ ರಜೆ. ಆಗ ಕುಂಬಳೆ, ಮಂಜೇಶ್ವರ ಕಡೆಯ ಮೀನಿನ ಗಾಡಿಗಳು ನಮ್ಮ ಶೆಡ್ಡಿಗೆ ಬರುತ್ತವೆ. ವರ್ಷವಿಡೀ ಉಪ್ಪುನೀರು ತೊಟ್ಟಿಕ್ಕಿ ಚಾಸಿಯ, ಅಂದರೆ ಗಾಡಿಯ ಅಡಿಯ ಚೌಕಟ್ಟಿನ, ತುಕ್ಕು ಹಪ್ಪಳದ ಹಾಗೆ ಎದ್ದಿರುತ್ತದೆ. ಗಾಳಿಯ ಒತ್ತಡದಲ್ಲಿ ಗಟ್ಟಿ ಪುಡಿ ಚಿಮ್ಮಿಸಿ ಅದನ್ನು ಕಿತ್ತು ತೆಗೆಯುವುದೇ ಬ್ಲಾಸ್ಟಿಂಗ್. ಕಷ್ಟ ಏನೆಂದರೆ, ಅವರಿಗೆ ಬಿಡುವಿರುವ ಈ ದಿನಗಳೇ ಬ್ಲಾಸ್ಟಿಂಗಿಗೆ ಅತಿ ಕೆಟ್ಟ ಕಾಲ.

ಹೋದ ವರ್ಷ ಒಬ್ಬರು ಖರ್ಚು ಉಳಿಯಲಿ ಅಂತ ಕಡಲಕರೆಯ ಮರಳನ್ನೇ ಗೋಣಿಯಲ್ಲಿ ತುಂಬಿಸಿ ತಂದಿದ್ದರು. ಸ್ಯಾಂಡ್ ಬ್ಲಾಸ್ಟಿಂಗ್ ಅಂತ ನಾವೇ ಹೇಳುವುದಲ್ವಾ, ಅವರ ತಪ್ಪಲ್ಲ. ಆದರೆ ಆ ಮರಳಿನಲ್ಲೂ ಉಪ್ಪಿದೆ. ಅದಕ್ಕಿಂತ ದೊಡ್ಡ ತೊಂದರೆ, ಮರಳು ಒಡೆದು ಏಳುವ ಸಿಲಿಕಾ ಧೂಳು. ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಶ್ವಾಸಕೋಶದ ಕಾಯಿಲೆಯಲ್ಲ. ಬ್ರಿಟನ್ನಿನಲ್ಲಿ ಬ್ಲಾಸ್ಟಿಂಗಿಗೆ ಮರಳು ಹಾಕುವುದನ್ನು 1949ರ ನಿಯಮದಿಂದಲೇ ನಿಲ್ಲಿಸಿದರು. ನಾವು ಹಾಕುವುದು ಗಾರ್ನೆಟ್ ಎಂಬ ಗಟ್ಟಿ ಖನಿಜದ ಪುಡಿ. ಅದಕ್ಕೂ ಗಾಳಿಯ ಪೈಪಿರುವ ಹೆಲ್ಮೆಟ್ ಇಲ್ಲದೆ ಹುಡುಗರನ್ನು ಒಳಗೆ ಬಿಡುವುದಿಲ್ಲ.

ಚಾಸಿ 80ರಿಂದ 100 ಪಿಎಸ್‌ಐ ಒತ್ತಡ ತಡೆಯುತ್ತದೆ. ಬಾಗಿಲಿನ ತಗಡು ಒಂದು ಮಿಲಿಮೀಟರ್ ಕೂಡ ದಪ್ಪ ಇರುವುದಿಲ್ಲ, ಅದೇ ಒತ್ತಡಕ್ಕೆ ಹಿಗ್ಗಿ ಡೊಂಕಾಗುತ್ತದೆ. ಅಲ್ಲಿ ಕೈಯಲ್ಲಿ ತಿಕ್ಕುವುದೇ ಒಳ್ಳೆಯದು.

ನಿಜವಾದ ಪರೀಕ್ಷೆ ಆಮೇಲೆ. ತುಕ್ಕು ಹೋದ ಕಬ್ಬಿಣ ಬೂದಿ ಬಣ್ಣಕ್ಕೆ ಬಂದು ಚಂದ ಕಾಣುತ್ತದೆ. ಮಳೆಗಾಲದಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಅದರ ಮೇಲೆ ಕಿತ್ತಳೆ ಛಾಯೆ ಮೂಡಿರುತ್ತದೆ. ತಣ್ಣೀರಿನ ತಂಬಿಗೆಯ ಹೊರಗೆ ಹನಿ ಕೂರುವುದನ್ನು ನೋಡಿದ್ದೀರಲ್ಲ, ಕಬ್ಬಿಣದ ಮೇಲೂ ಅದೇ ಆಗುವುದು, ಕಣ್ಣಿಗೆ ಕಾಣದಷ್ಟು ತೆಳ್ಳಗೆ. ಗಾಳಿಯ ತೇವ 85 ಶೇಕಡ ದಾಟಿದರೆ ಪ್ರೈಮರ್ (ಬಣ್ಣದ ಅಡಿಯ ಮೊದಲ ಪದರ) ಹೊಡೆಯಬಾರದು. ಹನಿ ಕೂರುವ ಉಷ್ಣತೆಗಿಂತ ಕಬ್ಬಿಣ ಕನಿಷ್ಠ 3 ಡಿಗ್ರಿ ಬಿಸಿ ಇರಬೇಕು. ಕಂಪ್ರೆಸರಿನ ಗಾಳಿಯಲ್ಲೂ ನೀರಿರುತ್ತದೆ, ಅದನ್ನು ಹಿಡಿಯುವ ಫಿಲ್ಟರ್ ಇಲ್ಲದಿದ್ದರೆ ಸುಮ್ನೆ ಶ್ರಮ.

ಉಪ್ಪಂತೂ ಹಠಮಾರಿ. ತುಕ್ಕು ಕೊರೆದ ಗುಂಡಿಯ ತಳದಲ್ಲಿ ಅಡಗಿರುತ್ತದೆ, ಗಾರ್ನೆಟ್ಟಿಗೂ ಸಿಗುವುದಿಲ್ಲ. ಹಾಗಾಗಿ ಮೊದಲು ಗ್ರೀಸ್ ತೆಗೆದು, ಬಾವಿಯ ಸಿಹಿನೀರನ್ನು ಜೋರಾಗಿ ಬಿಟ್ಟು ತೊಳೆಯುತ್ತೇವೆ. ಬ್ಲಾಸ್ಟ್ ಆದ ಮೇಲೆ ಒಂದು ರಾತ್ರಿ ಬಿಟ್ಟು ನೋಡಿದರೆ ಉಪ್ಪಿರುವ ಗುಂಡಿಗಳಷ್ಟೇ ಕಪ್ಪಾಗುತ್ತವೆ. ಮತ್ತೆ ತೊಳೆದು, ಒಣಗಿಸಿ, ಇನ್ನೊಮ್ಮೆ ಹೊಡೆದು ಗಂಟೆಯೊಳಗೆ ಎಪಾಕ್ಸಿ ಪ್ರೈಮರ್.

ಈಗ ಮೀನಿನವರಿಗೆ ಹೇಳುವುದಿಷ್ಟೇ: ಮಳೆಗಾಲದ ಆಟಿ ತಿಂಗಳಲ್ಲಿ ಇಂಜಿನ್, ಬ್ರೇಕ್ ಕೆಲಸ ಮಾಡಿಸಿ, ಬ್ಲಾಸ್ಟಿಂಗಿಗೆ ಜನವರಿಯಲ್ಲಿ ಮೂರು ದಿನ ಗಾಡಿ ಬಿಡಿ.

"ಆ ಮೂರು ದಿನ ಮೀನು ನೀವು ಹೊರುತ್ತೀರಾ ಮಾರಾಯ್ರೆ?" ಅಂತ ಕೇಳುತ್ತಾರೆ.