ಜರ್ಮನಿಯನ್ನು ಹಿಂಡಿದ್ದು ತಪ್ಪೋ, ಹಿಟ್ಲರ್‌ಗೆ ಬಗ್ಗಿದ್ದು ತಪ್ಪೋ?

ಪ್ರಶ್ನೆ: ಮೊದಲನೇ ಮಹಾಯುದ್ಧ ಮುಗಿದ ಮೇಲೆ ಆದ ವರ್ಸೇಲ್ಸ್ ಒಪ್ಪಂದದಲ್ಲಿ ಜರ್ಮನಿಗೆ ಅವಮಾನ ಮಾಡಿದ್ದರಿಂದ ಎರಡನೇ ಮಹಾಯುದ್ಧ ಆಯಿತು ಅಂತ ಶಾಲೆಯಲ್ಲಿ ಕಲಿತಿದ್ದೆ. ಈಗ ಓದುವ ಕಡೆಯೆಲ್ಲ ಹಿಟ್ಲರ್‌ನನ್ನು ಓಲೈಸಿದ್ದೇ ಕಾರಣ ಅಂತಾರೆ. ಒಬ್ಬರು ಬಿಗಿ ಜಾಸ್ತಿಯಾಯಿತು ಅಂದರೆ, ಇನ್ನೊಬ್ಬರು ಸಡಿಲ ಜಾಸ್ತಿಯಾಯಿತು ಅಂತಾರೆ. ಎರಡೂ ಹೇಗೆ ನಿಜವಾಗುತ್ತೆ?

ಉತ್ತರ: ಎರಡೂ ನಿಜವೇ. ಮೊದಲನೇ ತಪ್ಪಿನ ಹೊಟ್ಟೆಯಲ್ಲೇ ಎರಡನೆಯದು ಹುಟ್ಟಿತು ಅನ್ನೋದನ್ನು ಮಾತ್ರ ನಾವು ಮರೆತುಬಿಡುತ್ತೇವೆ.

1918ರ ನವೆಂಬರ್ 11ರಂದು ಗುಂಡಿನ ಸದ್ದು ನಿಂತಾಗ ಜರ್ಮನ್ ಸೇನೆ ಇನ್ನೂ ಫ್ರಾನ್ಸ್, ಬೆಲ್ಜಿಯಂ ನೆಲದಲ್ಲೇ ಇತ್ತು. ಬರ್ಲಿನ್‌ನ ಬೀದಿಯಲ್ಲಿ ಒಬ್ಬ ಶತ್ರು ಸೈನಿಕನೂ ಕಾಣಿಸಿರಲಿಲ್ಲ. ಹೀಗಿರುವಾಗ ಸೋತೆವು ಅಂದರೆ ಮನೆಯಲ್ಲಿ ಕೂತವರು ನಂಬುವುದು ಹೇಗೆ? 'ನಾವು ಸೋತಿಲ್ಲ, ಒಳಗಿನವರೇ ಬೆನ್ನಿಗೆ ಚೂರಿ ಹಾಕಿದರು' ಅನ್ನೋ ಸುಳ್ಳು ಹಬ್ಬಿತು. ಯುದ್ಧ ನಿಲ್ಲಿಸಿ ಅಂತ ಸೆಪ್ಟೆಂಬರ್‌ನಲ್ಲೇ ಸರ್ಕಾರದ ಬೆನ್ನು ಬಿದ್ದವನು ಸೇನಾ ನಾಯಕ ಲುಡೆನ್‌ಡಾರ್ಫ್. ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಆಮೇಲೆ ಗಾಯದ ಮೇಲೆ ಬರೆ. 1919ರ ಜೂನ್ 28ರಂದು ಸಹಿ ಹಾಕಿಸಿದ್ದು ವರ್ಸೇಲ್ಸ್ ಅರಮನೆಯ ಕನ್ನಡಿ ಸಭಾಂಗಣದಲ್ಲಿ. ಫ್ರಾನ್ಸನ್ನು ಸೋಲಿಸಿ 1871ರಲ್ಲಿ ಜರ್ಮನ್ ಸಾಮ್ರಾಜ್ಯ ಘೋಷಿಸಿದ್ದು ಅದೇ ಕೋಣೆಯಲ್ಲಿ. ಯುದ್ಧದ ನಷ್ಟಕ್ಕೆಲ್ಲ ಜರ್ಮನಿ ಮತ್ತು ಅದರ ಜೊತೆಗಾರರೇ ಹೊಣೆ ಅಂತ 231ನೇ ವಿಧಿಯಲ್ಲಿ ಬರೆಸಿಕೊಂಡರು. ಸೇನೆ 1 ಲಕ್ಷ ದಾಟಬಾರದು ಅಂದರು. ಪರಿಹಾರದ ಮೊತ್ತ 1921ರಲ್ಲಿ 13,200 ಕೋಟಿ ಚಿನ್ನದ ಮಾರ್ಕ್ ಅಂತ ಗೊತ್ತಾಯಿತು. ಯುದ್ಧಕ್ಕೆ ಹೊರಟಿದ್ದ ಕೈಸರ್, ಅಂದರೆ ಜರ್ಮನ್ ಚಕ್ರವರ್ತಿ, ಆ ಹೊತ್ತಿಗೆ ನೆದರ್ಲೆಂಡ್ಸ್ ಸೇರಿಕೊಂಡಿದ್ದ. ಸಹಿ ಹಾಕಿ ಬೈಗುಳ ತಿಂದವರು ಹೊಸದಾಗಿ ಹುಟ್ಟಿದ ಗಣರಾಜ್ಯದ ಮಂತ್ರಿಗಳು. ನನ್ನ ಪ್ರಕಾರ ಹಣಕ್ಕಿಂತ ಜಾಸ್ತಿ ಕೆಡಿಸಿದ್ದು ಇದು. ಪ್ರಜಾಪ್ರಭುತ್ವ ಅಂದರೆ ತಲೆ ತಗ್ಗಿಸಿದವರ ಸರ್ಕಾರ ಅನ್ನೋ ಹೆಸರು ಮೊದಲ ದಿನದಿಂದಲೇ ಅಂಟಿತು.

ಹಾಗಂತ ಸಿಟ್ಟೊಂದೇ ಯುದ್ಧ ತರಲಿಲ್ಲ. 1928ರ ಚುನಾವಣೆಯಲ್ಲಿ ಹಿಟ್ಲರ್‌ನ ಪಕ್ಷದವರಾದ ನಾಜಿಗಳಿಗೆ ಸಿಕ್ಕಿದ್ದು ಶೇ. 2.6 ಮತ. ವರ್ಸೇಲ್ಸ್ ಆಗಿ ಆಗಲೇ 9 ವರ್ಷ ಕಳೆದಿತ್ತು, ಅಲ್ವಾ? 1929ರ ಆರ್ಥಿಕ ಕುಸಿತ ಬಂದು ಸುಮಾರು 60 ಲಕ್ಷ ಜನ ಕೆಲಸ ಕಳೆದುಕೊಂಡ ಮೇಲೆ, 1932ರ ಜುಲೈನಲ್ಲಿ ಅದು ಶೇ. 37 ಆಯಿತು. ವಿಚಿತ್ರ ನೋಡಿ, ಅದೇ ಜುಲೈನಲ್ಲಿ ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ ಸೇರಿದ ದೇಶಗಳು ಪರಿಹಾರದ ಹಣವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟಿದ್ದವು. ಗಣರಾಜ್ಯವನ್ನು ಉಳಿಸುವ ಕಾಲ ಆಗ ದಾಟಿತ್ತು.

ಇನ್ನು ಓಲೈಕೆ. 1930ರ ದಶಕದ ಹೊತ್ತಿಗೆ ಬ್ರಿಟನ್‌ನಲ್ಲಿ ಎಷ್ಟೋ ಜನರಿಗೆ 'ಜರ್ಮನಿಗೆ ಅನ್ಯಾಯ ಮಾಡಿದೆವು' ಅನ್ನೋ ಅಳುಕು ಶುರುವಾಗಿತ್ತು. ಸೋತವರ ಸಿಟ್ಟು ಗೆದ್ದವರ ಮನಸ್ಸು ಚುಚ್ಚತೊಡಗಿತ್ತು. ಹಿಟ್ಲರ್ ಹಿಡಿದದ್ದು ಈ ದಾರವನ್ನೇ. 1936ರ ಮಾರ್ಚ್‌ನಲ್ಲಿ ಒಪ್ಪಂದದ ಪ್ರಕಾರ ಸೇನೆ ಇಡಬಾರದಾಗಿದ್ದ, ಜರ್ಮನಿಯದೇ ಗಡಿನಾಡಾದ ರೈನ್‌ಲ್ಯಾಂಡ್‌ಗೆ ಅವನು ಸೈನಿಕರನ್ನು ಕಳಿಸಿದಾಗ, 'ತನ್ನ ಹಿತ್ತಲಿಗೆ ತಾನು ಹೋಗಿದ್ದಾನೆ, ತಪ್ಪೇನು?' ಅನ್ನೋ ಮಾತು ಬ್ರಿಟನ್‌ನಲ್ಲಿ ಓಡಾಡಿತು. 1938ರ ಮಾರ್ಚ್‌ನಲ್ಲಿ ಆಸ್ಟ್ರಿಯ ನುಂಗಿದ. ಆಮೇಲೆ ಜೆಕೊಸ್ಲೊವಾಕಿಯದ ಸುಡೆಟೆನ್‌ಲ್ಯಾಂಡ್ ಬೇಕು ಅಂದ. ಅಲ್ಲಿ ಸುಮಾರು 30 ಲಕ್ಷ ಜರ್ಮನ್ ಮಾತಾಡುವವರಿದ್ದರು. ಅವನ ಪ್ರತಿ ಬೇಡಿಕೆಯಲ್ಲೂ ಇಂಥದ್ದೊಂದು ನ್ಯಾಯದ ಎಳೆ ಇದ್ದೇ ಇರುತ್ತಿತ್ತು.

ಅದೇ ವರ್ಷ ಸೆಪ್ಟೆಂಬರ್ 29ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ಬ್ರಿಟನ್ ಪ್ರಧಾನಿ ಚೇಂಬರ್ಲಿನ್, ಫ್ರಾನ್ಸ್ ಪ್ರಧಾನಿ ದಲಾದಿಯೆ, ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಹಿಟ್ಲರ್ ಜೊತೆ ಕೂತರು. ಯಾರ ನೆಲ ಹೋಗುತ್ತಿತ್ತೋ ಅವರಿಗೇ ಕುರ್ಚಿ ಇಲ್ಲ. ಇಬ್ಬರು ಜೆಕ್ ಪ್ರತಿನಿಧಿಗಳು ಹೋಟೆಲ್‌ನಲ್ಲಿ ಕಾಯುತ್ತಾ ಕೂತಿದ್ದರು. ನಡುರಾತ್ರಿ ದಾಟಿದ ಮೇಲೆ ಕರೆಸಿ, ತೀರ್ಮಾನ ಆಗಿದೆ ಅಂತ ತಿಳಿಸಿದರು.

ಚೇಂಬರ್ಲಿನ್‌ನನ್ನು ಸುಮ್ನೆ ಹೇಡಿ ಅನ್ನೋದು ಸುಲಭ. ಹಿಂದಿನ ಯುದ್ಧದಲ್ಲಿ ಬ್ರಿಟನ್ನಿನ 7 ಲಕ್ಷಕ್ಕೂ ಜಾಸ್ತಿ ಸೈನಿಕರು ಸತ್ತಿದ್ದರು, ಸೇನೆ ತಯಾರಿರಲಿಲ್ಲ, ಜನ ಅವನಿಗೆ ಜೈಕಾರ ಹಾಕಿದರು. ಆದರೆ ಬಿಟ್ಟುಕೊಟ್ಟಿದ್ದು ಬರೀ ನೆಲವಲ್ಲ. ಜೆಕ್ಕರ ಗಡಿ ಕೋಟೆಗಳು ಸುಡೆಟೆನ್‌ಲ್ಯಾಂಡ್‌ನ ಬೆಟ್ಟಸಾಲಿನಲ್ಲೇ ಇದ್ದವು. 1939ರ ಮಾರ್ಚ್ 15ರಂದು ಜರ್ಮನ್ ಸೇನೆ ಜೆಕ್ ರಾಜಧಾನಿ ಪ್ರಾಗ್‌ಗೆ ನಡೆದುಕೊಂಡೇ ಬಂತು. ಟ್ಯಾಂಕ್ ಮಾಡುವ ಕಾರ್ಖಾನೆಗಳೂ ಕೈಗೆ ಬಂದವು. 1940ರಲ್ಲಿ ಫ್ರಾನ್ಸ್‌ಗೆ ನುಗ್ಗಿದ ಜರ್ಮನ್ ಸೇನಾಪತಿ ರಾಮೆಲ್‌ನ ಪಡೆಯಲ್ಲಿ ಜೆಕ್ ಟ್ಯಾಂಕ್‌ಗಳು ದಂಡಿಯಾಗಿದ್ದವು.

ಪ್ರಾಗ್‌ನಲ್ಲಿ 'ನಮ್ಮ ಜರ್ಮನ್ನರು' ಅನ್ನೋ ನೆಪ ಉಳಿಯಲಿಲ್ಲ. ಲಂಡನ್‌ನ ಅಳುಕು ಹೋಗಿದ್ದು ಆಗ. ಮಾರ್ಚ್ 31ರಂದು ಪೋಲೆಂಡ್‌ಗೆ ರಕ್ಷಣೆಯ ಮಾತು ಕೊಟ್ಟರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಹಿಟ್ಲರ್ ಅದನ್ನು ನಂಬಲೇ ಇಲ್ಲ. ಆಗಸ್ಟ್ 22ರಂದು ತನ್ನ ಸೇನಾಧಿಕಾರಿಗಳಿಗೆ, 'ಇವರನ್ನು ಮ್ಯೂನಿಕ್‌ನಲ್ಲಿ ನೋಡಿದ್ದೇನೆ, ಹುಳುಗಳು' ಎಂಬರ್ಥದ ಮಾತಾಡಿದ ಅಂತ ಅಲ್ಲಿದ್ದವರ ಟಿಪ್ಪಣಿಯಲ್ಲಿದೆ. ಸೆಪ್ಟೆಂಬರ್ 1ಕ್ಕೆ ಪೋಲೆಂಡ್ ಮೇಲೆ ಬಿದ್ದ. 3ಕ್ಕೆ ಬ್ರಿಟನ್, ಫ್ರಾನ್ಸ್ ಯುದ್ಧ ಸಾರಿದವು.

ಹಾಗಾದರೆ ಯಾವಾಗಲೂ ಬಗ್ಗದೇ ನಿಲ್ಲಬೇಕಾ ಅಂತ ನೀವು ಕೇಳಬಹುದು. ಮ್ಯೂನಿಕ್‌ನಿಂದ ಇದೊಂದೇ ಪಾಠ ಕಲಿತವನು ಬ್ರಿಟನ್ ಪ್ರಧಾನಿ ಈಡನ್. 1956ರಲ್ಲಿ ಈಜಿಪ್ಟ್ ಅಧ್ಯಕ್ಷ ನಾಸೆರ್ ಸೂಯೆಜ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದಾಗ ಅವನಿಗೆ ಕಂಡಿದ್ದು ಇನ್ನೊಬ್ಬ ಸರ್ವಾಧಿಕಾರಿ. ಫ್ರಾನ್ಸ್, ಇಸ್ರೇಲ್ ಜೊತೆ ಸೇರಿ ಈಜಿಪ್ಟ್ ಮೇಲೆ ಸೇನೆ ನುಗ್ಗಿಸಿದ. ಅಮೆರಿಕ ಒತ್ತಡ ಹಾಕಿತು, ಸೇನೆ ವಾಪಸ್ ಬಂತು, 1957ರ ಜನವರಿಯಲ್ಲಿ ಈಡನ್ ಕುರ್ಚಿ ಬಿಟ್ಟ.