ಶಿಸ್ಟು, ವಿಚ್ಛೇದನ, ಬಳಪದ ಕಲ್ಲು

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕಲ್ಲಿಗೆ ನಮ್ಮ ಕಡೆ ಬಳಪದ ಕಲ್ಲು ಅನ್ನುತ್ತಾರೆ. ಗೈಡುಗಳ ಬಾಯಲ್ಲಿ ಅದು ಸೋಪ್‌ಸ್ಟೋನ್. ಭೂವಿಜ್ಞಾನಿಗಳು ಬರೆಯುವುದು ಕ್ಲೋರೈಟ್ ಶಿಸ್ಟ್ ಎಂದು.

ಈ ಶಿಸ್ಟ್ ನಾಲಿಗೆಗೆ ತೊಡರುವ ಪದ. ಇಂಗ್ಲಿಷಿನಲ್ಲಿ ಅದರ ಮೊದಲಿಗೆ ಬರುವ ಎಸ್, ಸಿ, ಎಚ್ ಅಕ್ಷರಗಳನ್ನು ‘ಸ್ಕೂಲ್’ನಲ್ಲಿ ‘ಸ್ಕ’ ಎಂದು ಓದಿ ಅಭ್ಯಾಸವಾದವರು ಇಲ್ಲೂ ‘ಸ್ಕಿಸ್ಟ್’ ಅನ್ನುವುದುಂಟು. ಆದರೆ ಪದ ಫ್ರೆಂಚ್ ದಾರಿಯಲ್ಲಿ ಬಂದದ್ದು, ಹಾಗಾಗಿ ಬರೀ ‘ಶ’. ಒಂದೇ ಸ್ವರ, ಒಂದೇ ಉಸಿರು. ಕನ್ನಡದ ಬಾಯಿ ಅಷ್ಟಕ್ಕೆ ಬಿಡುತ್ತದೆಯೇ? ಬಸ್ಸು, ಕಾರುಗಳ ಜೊತೆಗೆ ಶಿಸ್ಟೂ ಉಕಾರ ಹತ್ತಿಸಿಕೊಂಡು ‘ಶಿಸ್ಟು’ ಆಗುತ್ತದೆ.

ಮೂಲ ಗ್ರೀಕಿನದು, ಅರ್ಥ, ಸೀಳಬಹುದಾದದ್ದು. ಸ್ಕಿಜೋಫ್ರೀನಿಯಾದ ಮೊದಲರ್ಧವೂ ಅದೇ ಧಾತುವಿನದು. ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದ ‘ಛಿದ್’ ಅದರ ದಾಯಾದಿ. ನಮ್ಮ ಛಿದ್ರ, ಛೇದ, ಹಾಸನದ ಕೋರ್ಟಿನಲ್ಲಿ ಕೇಳಿಬರುವ ವಿಚ್ಛೇದನ ಎಲ್ಲಕ್ಕೂ ಈ ಕಲ್ಲಿನ ಹೆಸರು ದೂರದ ನೆಂಟ!

ಹೆಸರಿಗೆ ಕಾರಣವಿದೆ. ನೆಲದಾಳದ ಒತ್ತಡ, ಶಾಖಕ್ಕೆ ಸಿಕ್ಕ ಬಂಡೆಯಲ್ಲಿ ಕಾಗೆಬಂಗಾರ, ಕ್ಲೋರೈಟ್‌ಗಳಂಥ ಚಪ್ಪಟೆ ಖನಿಜಗಳು ಒತ್ತಡಕ್ಕೆ ಅಡ್ಡಲಾಗಿ, ಒಂದೇ ದಿಕ್ಕಿಗೆ ಮಲಗುತ್ತವೆ. ಪೆಟ್ಟು ಬಿದ್ದರೆ ಆ ಪದರಗಳುದ್ದಕ್ಕೆ ಬಿರಿಯುತ್ತದೆ. ಹಾಗಿದ್ದರೆ ಬೇಲೂರಿನ ಮದನಿಕೆಯರು ಹೇಗೆ ಉಳಿದರು? ಆ ಕಲ್ಲಿನ ಕಣ ಬಹಳ ಸಣ್ಣದು, ಹೆಣಿಗೆ ಒತ್ತು. ಜೊತೆಗೆ ಮೃದು: ಮೋಸ್ ಗಡಸುತನದ ಅಳತೆಯಲ್ಲಿ ಬಳಪದ ಖನಿಜ ಟಾಲ್ಕ್‌ಗೆ 1, ಕ್ಲೋರೈಟ್‌ಗೆ 2ರಿಂದ 2.5, ಗ್ರಾನೈಟಿನಲ್ಲಿರುವ ಬೆಣಚಿಗೆ 7. ಉಳಿ ಎತ್ತ ತಿರುಗಿಸಿದರೆ ಅತ್ತ ಹೋಗುತ್ತದೆ. ಅಂದಹಾಗೆ, ಕ್ಲೋರೈಟ್‌ನಲ್ಲಿ ಕ್ಲೋರಿನ್ ಇಲ್ಲ. ಎರಡಕ್ಕೂ ಹೆಸರು ಬಂದದ್ದು ಹಸುರು ಬಣ್ಣ ಸೂಚಿಸುವ ಗ್ರೀಕ್ ಪದದಿಂದ, ಅಷ್ಟೆ.

ಹಾಸನ ಸೀಮೆಯ ಇನ್ನೊಂದು ಹಳೆಯ ಬಂಡೆಯ ಹೆಸರು ಜರ್ಮನ್ ಗಣಿಗಾರರ ಮಾತು. ಜರ್ಮನ್ನರು ‘ಗ್ನೈಸ್’ ಅನ್ನುತ್ತಾರೆ, ಇಂಗ್ಲಿಷರು ‘ಗ’ ನುಂಗಿ ‘ನೈಸ್’ ಅನ್ನುತ್ತಾರೆ. ನಮ್ಮ ಪುಸ್ತಕಗಳಲ್ಲಿ ಎರಡೂ ಇವೆ. ನನ್ನ ಓಟು ಗ್ನೈಸ್‌ಗೆ. ಅಗ್ನಿ, ನಗ್ನ ಅನ್ನುವ ನಾಲಿಗೆಗೆ ‘ಗ್ನ’ ಯಾವ ಲೆಕ್ಕ? ಮೇಲಾಗಿ ನಮ್ಮ ಅಡುಗೆಮನೆಯಲ್ಲಿ ನೈಸ್ ಅಂದರೆ ನುಣ್ಣಗೆ ರುಬ್ಬಿದ ಹಿಟ್ಟು. ಈ ಬಂಡೆಯೋ, ಕಪ್ಪು ಬಿಳಿ ಪಟ್ಟೆಗಳ ಒರಟು ಕಲ್ಲು.