ಅಡುಗೆ ಕಟ್ಟೆಗೆ ಯಾವ ಕಲ್ಲು ಹಾಕಿಸಬೇಕು?

ಮನೆ ಕಟ್ಟಿಸುವವರ ಹತ್ತಿರ ಅಡುಗೆ ಕಟ್ಟೆ ಮಾತು ತೆಗೆದರೆ ಸಾಕು, ಮೊಬೈಲ್ ತೆಗೆದು ಬಿಳಿ ಕಿಚನ್ ಫೋಟೋ ತೋರಿಸುತ್ತಾರೆ. ಚೆನ್ನಾಗಿಯೇ ಇರುತ್ತದೆ. ಆದರೆ ಆ ಕಟ್ಟೆ ಮೇಲೆ ಯಾರೂ ಜೋಳದ ರೊಟ್ಟಿ ತಟ್ಟಿರುವುದಿಲ್ಲ, ಹುಣಸೆಹುಳಿ ಚೆಲ್ಲಿರುವುದಿಲ್ಲ. ದಾವಣಗೆರೆಯಲ್ಲಿ ಇಂಟೀರಿಯರ್ ಕೆಲಸ ಮಾಡಿಸುವವನಾಗಿ ನನ್ನ ಮಾತು ಇಷ್ಟೇ: ಕಲ್ಲು ಸಾದಾ ಇದ್ದರೂ ನಡೆಯುತ್ತದೆ, ಉಳಿದ ದುಡ್ಡನ್ನು ಅಂಚು, ಜಾಯಿಂಟ್ ಮತ್ತು ಸಿಂಕ್ ಮೇಲೆ ಹಾಕಿ.

ಮಾರ್ಬಲ್ ವಿಷಯ ಬೇಗ ಮುಗಿಸೋಣ. ದೇವರ ಮನೆಗೆ ಹಾಕಿಸಿ, ಅಡುಗೆ ಕಟ್ಟೆಗೆ ಬೇಡ. ಅದು ಸುಣ್ಣದ ಜಾತಿಯ ಕಲ್ಲು. ನಿಂಬೆರಸ ಬಿದ್ದು ಸ್ವಲ್ಪ ಹೊತ್ತು ಹಾಗೇ ಇದ್ದರೆ ಪಾಲಿಶ್ ಹೋಗಿ ಮಂಕು ಗುರುತು ಉಳಿಯುತ್ತದೆ, ಅದನ್ನು ಎಷ್ಟು ಒರೆಸಿದರೂ ಹೋಗುವುದಿಲ್ಲ, ಯಾಕೆಂದರೆ ಅದು ಕಲೆ ಅಲ್ಲ, ಕಲ್ಲೇ ಸವೆದಿರುವುದು. ಹಳೇ ಮನೆಗಳ ಕಡಪ ಕಲ್ಲಿಗೂ ಇದೇ ತೊಂದರೆ. ಆದರೆ ಕಟ್ಟೆ ಕೆಳಗಿನ ಶೆಲ್ಫ್‌ಗೆ ಈಗಲೂ ಕಡಪ ಒಳ್ಳೆಯದೇ.

ಗ್ರಾನೈಟ್ ಹಾಗಲ್ಲ. ಬಿಸಿ ತಡೆದುಕೊಳ್ಳುತ್ತದೆ, ಹುಳಿಗೆ ಹೆದರುವುದಿಲ್ಲ, ಸುಲಭಕ್ಕೆ ಗೀರು ಬೀಳುವುದಿಲ್ಲ. ನಮ್ಮ ರಾಜ್ಯದಲ್ಲೇ ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಸಿಗುತ್ತದೆ. ಕಪ್ಪಿನಲ್ಲಿ ಚಿನ್ನದ ಚುಕ್ಕಿ ಇರುವ ಗ್ಯಾಲಕ್ಸಿ ಬರುವುದು ಆಂಧ್ರದ ಚೀಮಕುರ್ತಿಯಿಂದ. ಆದರೆ ಕಪ್ಪು ಕಲ್ಲು ಕೊಳ್ಳುವಾಗ ಸ್ವಲ್ಪ ಹುಷಾರು. ಬೂದು ಕಲ್ಲಿಗೆ ಬಣ್ಣ ಹಚ್ಚಿ ಕಪ್ಪು ಅಂತ ಮಾರುವುದುಂಟು. ಬಿಳಿ ಬಟ್ಟೆಗೆ ಥಿನ್ನರ್ ಅಥವಾ ನೇಲ್ ಪಾಲಿಶ್ ತೆಗೆಯುವ ದ್ರಾವಣ ಹಾಕಿ ಒಂದು ಮೂಲೆಯಲ್ಲಿ ಗಟ್ಟಿಯಾಗಿ ಉಜ್ಜಿ. ಬಟ್ಟೆ ಕಪ್ಪಾದರೆ ಆ ಸ್ಲ್ಯಾಬ್ ಬಿಟ್ಟು ಮುಂದಕ್ಕೆ ಹೋಗಿ. ಆಮೇಲೆ ಸ್ಲ್ಯಾಬ್ ಮೇಲೆ ನೀರು ಸುರಿದು ಒರೆಸಿ ನೋಡಿ. ಎಲ್ಲ ಕಡೆ ಒಣಗಿದ ಮೇಲೂ ಒಂದು ಗೆರೆ ಮಾತ್ರ ಒದ್ದೆ ಕಾಣುತ್ತಿದ್ದರೆ ಅಲ್ಲಿ ಸಣ್ಣ ಬಿರುಕಿದೆ ಅಂತ ಅರ್ಥ. ಹಿಂಭಾಗವನ್ನೂ ತಿರುಗಿಸಿ ತೋರಿಸಲು ಹೇಳಿ. ಬಲೆ ಅಂಟಿಸಿದ್ದರೆ ಆ ಕಲ್ಲು ನಾಜೂಕಿನದು ಇರಬಹುದು, ಕೇಳಿ ತಿಳಿದುಕೊಳ್ಳಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಕಪ್ಪಿಗೆ ಇನ್ನೊಂದು ಸಮಸ್ಯೆ ಇದೆ, ನಮ್ಮ ಬೋರ್‌ವೆಲ್ ನೀರು. ದಾವಣಗೆರೆ, ಚಿತ್ರದುರ್ಗ ಕಡೆ ಗಡಸು ನೀರು ಜಾಸ್ತಿ ಅಲ್ವಾ, ಸಿಂಕ್ ಸುತ್ತ ಒಣಗಿದ ನೀರಿನ ಬಿಳಿ ಕಲೆ ಕಪ್ಪು ಪಾಲಿಶ್ ಮೇಲೆ ಎದ್ದು ಕಾಣುತ್ತದೆ. ದಿನಾ ಒರೆಸುವ ಅಭ್ಯಾಸ ಇಲ್ಲದ ಮನೆಗೆ ನಾನು ಕಂದು ಬಣ್ಣದ್ದು ಅಥವಾ ಚುಕ್ಕಿ ಚುಕ್ಕಿ ಇರುವ ಬೂದು ಕಲ್ಲು ಹೇಳುತ್ತೇನೆ. ತೀರಾ ತಿಳಿ ಬಣ್ಣದ ಗ್ರಾನೈಟ್ ಎಣ್ಣೆ, ಅರಿಶಿನ ಹೀರುತ್ತದೆ. ಬೇಕೇ ಬೇಕು ಅಂದರೆ ಸೀಲರ್, ಅಂದರೆ ಕಲೆ ಒಳಗೆ ಇಳಿಯದಂತೆ ತಡೆಯುವ ದ್ರಾವಣ ಹಚ್ಚಿಸಿ, ಮತ್ತೆ ಆಗಾಗ ಹಚ್ಚಿಸುತ್ತಲೂ ಇರಬೇಕು.

ಇನ್ನು ಕ್ವಾರ್ಟ್ಜ್. ಬಿಳಿಯೇ ಬೇಕು ಅನ್ನುವವರಿಗೆ ಮಾರ್ಬಲ್‌ಗಿಂತ ಇದು ವಾಸಿ, ಕಲೆ ಹೀರುವುದು ಕಡಿಮೆ. ಆದರೆ ಇದು ಗಣಿಯಿಂದ ಕೊಯ್ದು ತಂದ ಕಲ್ಲಲ್ಲ. ನೂರಕ್ಕೆ ಸುಮಾರು 90 ಭಾಗ ಕ್ವಾರ್ಟ್ಜ್ ಪುಡಿ, ಉಳಿದದ್ದು ರಾಳ ಮತ್ತು ಬಣ್ಣ. ಆ ರಾಳಕ್ಕೆ ಬಿಸಿ ಆಗಿಬರುವುದಿಲ್ಲ. ಒಲೆಯಿಂದ ಇಳಿಸಿದ ರೊಟ್ಟಿ ಹಂಚನ್ನು ಸೀದಾ ಕಟ್ಟೆ ಮೇಲೆ ಇಟ್ಟರೆ ಕಲೆ ಬೀಳಬಹುದು, ಬಿರುಕೂ ಬಿಡಬಹುದು. ಬಿಸಿಲು ಬೀಳುವ ಯುಟಿಲಿಟಿಗಂತೂ ಬೇಡ, ಹಳದಿ ತಿರುಗುತ್ತದೆ. ಕೊಯ್ಯುವಾಗ ಏಳುವ ಧೂಳೂ ಕೆಟ್ಟದ್ದು. ಕೆಲಸಗಾರರಿಗೆ ಅದರಿಂದ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರುತ್ತದೆ ಅಂತ ಆಸ್ಟ್ರೇಲಿಯಾದಲ್ಲಿ 2024ರ ಜುಲೈನಿಂದ ಇಂಥ ಕಲ್ಲನ್ನೇ ನಿಷೇಧಿಸಿದ್ದಾರೆ. ಗ್ರಾನೈಟ್ ಧೂಳೂ ಒಳ್ಳೆಯದೇನಲ್ಲ. ಯಾವ ಕಲ್ಲಾದರೂ ನೀರು ಬಿಡುತ್ತಾ ಕೊಯ್ಯಲಿ, ಕೊಯ್ಯುವವರು ಮಾಸ್ಕ್ ಹಾಕಿಕೊಳ್ಳಲಿ.

ಮುಂದೆ ಮನೆ ಮಾರಿದರೆ ರೇಟು ಬರುತ್ತಾ ಅಂತ ಕೇಳುತ್ತಾರೆ. ನಿಜ ಹೇಳಬೇಕೆಂದರೆ ನಮ್ಮೂರಲ್ಲಿ ಮನೆ ನೋಡಲು ಬಂದವರು ಕಲ್ಲಿಗಿಂತ ಮೊದಲು ಒಲೆ ಆಗ್ನೇಯಕ್ಕಿದೆಯಾ ಅಂತ ನೋಡುತ್ತಾರೆ. ಆಮೇಲೆ ಸಿಂಕ್ ಕೆಳಗಿನ ಬಾಗಿಲು ತೆಗೆಯುತ್ತಾರೆ. ಅಲ್ಲಿ ಪ್ಲೈವುಡ್ ಉಬ್ಬಿ ಮುಗ್ಗಲು ವಾಸನೆ ಬಂದರೆ ಮೇಲಿರುವುದು ಎಂಥಾ ದುಬಾರಿ ಕಲ್ಲಾದರೂ ಚೌಕಾಸಿ ಶುರುವಾಗುತ್ತದೆ. ದುಬಾರಿ ಕಲ್ಲಿಗೆ ಹಾಕಿದ ದುಡ್ಡು ಅಷ್ಟಕ್ಕಷ್ಟೂ ವಾಪಸ್ ಬರುತ್ತದೆ ಅಂತ ನಾನಂತೂ ಯಾರಿಗೂ ಹೇಳುವುದಿಲ್ಲ. ಕಡು ಹಸಿರು, ಗುಲಾಬಿ ಅಂತ ಹಾಕಿಸಿದರೆ ನಿಮಗೆ ಇಷ್ಟವಾದದ್ದು ಅವರಿಗೆ ಆಗದಿರಬಹುದು. ಕಪ್ಪು, ಕಂದು, ಬೂದು ಯಾರಿಗೂ ಬೇಡವಾಗುವುದಿಲ್ಲ.

ಹಾಗಾಗಿ ಮೇಸ್ತ್ರಿ ಹತ್ತಿರ ಕೂತು ಮಾತಾಡಬೇಕಾದ್ದು ಬೇರೆಯೇ ಇದೆ. ಕಟ್ಟೆಯ ಮುಂದಿನ ಅಂಚಿನ ಕೆಳಗೆ, ಉದ್ದಕ್ಕೂ ಕಾಲುವೆಯಂಥ ಒಂದು ಸಣ್ಣ ಗೆರೆ ಕೊಯ್ಯಿಸಿ. ಚೆಲ್ಲಿದ ನೀರು ಕಲ್ಲಿನ ಅಡಿಯಲ್ಲಿ ಹರಿದು ಬಾಗಿಲ ಮೇಲೆ ಇಳಿಯುವ ಬದಲು ಅಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಸಿಂಕ್‌ಗೆ, ಹಾಬ್‌ಗೆ (ಕಟ್ಟೆಯೊಳಗೆ ಕೂರಿಸುವ ಒಲೆ) ತೂತು ಕೊಯ್ಯುವಾಗ ಮೂಲೆಗಳು ಚೂಪಾಗಿರದೆ ಸ್ವಲ್ಪ ದುಂಡಗಿರಲಿ. ಕಲ್ಲು ಬಿರಿಯುವುದು ಹೆಚ್ಚಾಗಿ ಆ ಮೂಲೆಯಿಂದಲೇ. ಜಾಯಿಂಟ್ ಸಿಂಕ್ ಮೇಲೆ ಬರದ ಹಾಗೆ ಕಲ್ಲು ಕೊಯ್ಯಿಸಿ, ಜಾಯಿಂಟ್‌ಗೆ ಬಿಳಿ ಸಿಮೆಂಟ್ ಬೇಡ, ಕಲ್ಲಿನ ಬಣ್ಣದ ಎಪಾಕ್ಸಿ ಅಂಟು ತುಂಬಿಸಿ. ಎತ್ತರವನ್ನು ದಿನಾ ಅಡುಗೆ ಮಾಡುವವರನ್ನೇ ನಿಲ್ಲಿಸಿ ಗುರುತು ಹಾಕಿ. ಸುಮ್ನೆ ಎಲ್ಲರ ಮನೆಯ ಅಳತೆ ಹಾಕಿದರೆ ಬೆನ್ನು ನೋವು ಅವರಿಗೇ ತಾನೇ. ಕೊಯ್ದು ಉಳಿದ ತುಂಡನ್ನು ಮೇಸ್ತ್ರಿಗೆ ಕೊಟ್ಟು ಕಳಿಸಬೇಡಿ, ಮುಂದೆ ಅಂಚು ಒಡೆದರೆ ಅದೇ ಬಣ್ಣದ ಕಲ್ಲು ಹುಡುಕುವುದು ಕಷ್ಟ.